ಪೋರ್ತೊಗೆ ಹೋಗಿ ಬಂದ ಮೊಣಕಾಲು

ಅಂಕೋಲೆ

ಸುಮಿತ್ರಾಳ ಎಡ ಮೊಣಕಾಲನ್ನು ಪೋರ್ಚುಗಲ್ಲಿಗೆ ಕರೆದುಕೊಂಡು ಹೋಗಿ, ಹೋದ ಹಾಗೆಯೇ ವಾಪಸು ತರುವುದು ನನ್ನ ಜವಾಬ್ದಾರಿಯಾಗಿತ್ತು. ಉಳಿದ ಸುಮಿತ್ರಾಳನ್ನು ನೋಡಿಕೊಳ್ಳಲು ಅವಳೇ ಸಾಕಿದ್ದಳು.

ಸುಮಿತ್ರಾ ಬೆಳಿಗ್ಗೆ ಅಂಕೋಲೆಯ ಮಾರುಕಟ್ಟೆಯಲ್ಲಿ ಮೀನು ಮಾರುತ್ತಾಳೆ, ಸಂಜೆ ಹೆಂಗಸರ ಯಕ್ಷಗಾನ ತಂಡದಲ್ಲಿ ರಾಜಕುಮಾರನಾಗುತ್ತಾಳೆ. ಅವಳ ಹೆಸರು ನಿಂತಿರುವುದು ಮಂಡಿಯ ಮೇಲೆ. ಮಂಡಿ ಹಾಕುವುದೆಂದರೆ ಎರಡೂ ಮೊಣಕಾಲನ್ನು ರಂಗಕ್ಕೆ ಊರಿ, ಚಂಡೆಯ ಪೆಟ್ಟಿಗೆ ಸರಿಯಾಗಿ ಬುಗುರಿಯಂತೆ ಸುತ್ತುವುದು. ನೋಡುವವರಿಗೆ ಅದು ರೋಮಾಂಚನ. ಮೊಣಕಾಲಿಗೆ ಏನೆಂಬುದನ್ನು ಕಾರವಾರದ ಎಲುಬಿನ ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ತೋರಿಸಿದರು. "ಬಿಟ್ಟರೆ ಒಳ್ಳೆಯದು" ಎಂದರು. ಸುಮಿತ್ರಾ ನನ್ನ ಮುಖ ನೋಡಿದಳು.

ನಾನು ಕಾರವಾರದವಳು. ವಿಶ್ವವಿದ್ಯಾಲಯದಲ್ಲಿ ಯೋಗವನ್ನೇ ಓದಿ, ಈಗ ಕೈಗಾ ಅಣುಸ್ಥಾವರದ ಬಸ್ಸು ಹತ್ತುವ ಮೊದಲು ಬೆನ್ನು ನೆಟ್ಟಗೆ ಮಾಡಿಕೊಳ್ಳಲು ಬರುವ ನೌಕರರಿಗೆ ಬೆಳಗಿನ ತರಗತಿ ನಡೆಸುತ್ತೇನೆ. ಮಧ್ಯಾಹ್ನದ ಮೇಲೆ ಅಂಕೋಲೆಗೆ ಹೋಗಿ ಈ ತಂಡದವರ ತೊಡೆ, ಸೊಂಟ, ಉಸಿರುಗಳನ್ನು ಗಟ್ಟಿ ಮಾಡುವ ಕೆಲಸ. ಅವರಿಗೆ ನಾನು ಅಕ್ಕೋರು. ಆಸನಗಳ ಹೆಸರು ಅವರು ಕಲಿಯಲಿಲ್ಲ. ಉತ್ಕಟಾಸನ ಅವರ ಬಾಯಲ್ಲಿ 'ಕುರ್ಚಿ ಇಲ್ದೆ ಕೂತ್ಕಳ್ಳೂದು', ಸೇತುಬಂಧ 'ದೋಣಿ ಕವುಚಿ ಹಾಕೂದು'.

ಪೋರ್ಚುಗಲ್ಲಿನ ಪೋರ್ತೊ ನಗರದಲ್ಲಿ ಹಾಡು-ಕುಣಿತದ ನಾಟಕ ಕಲಿಸುವ ಒಂದು ಶಾಲೆಯವರು ತಂಡವನ್ನು ಕರೆದರು. ಒಂದು ಆಟ ಆಡಬೇಕು, ಜೊತೆಗೆ ಕುಣಿಯುವವರೂ ಹಾಡುವವರೂ ದೇಹವನ್ನು ಕಾಪಾಡಿಕೊಳ್ಳುವುದು ಹೇಗೆಂದು ಎರಡೂ ಕಡೆಯವರು ಪರಸ್ಪರ ಕಲಿಸಬೇಕು. ಹಾಗಾಗಿ ಯೋಗದ ಹೆಸರಿನಲ್ಲಿ ನನಗೂ ಟಿಕೇಟು ಬಂತು.

"ಅಲ್ಲೂ ಮಂಡಿ ಹಾಕ್ತೀಯಾ?" ಎಂದು ಕೇಳಿದೆ.

"ಹಾಕ್ದೇ ಇದ್ರೆ ನಂಗೆ ರಾಣಿ ಪಾರ್ಟು ಕೊಡ್ತ್ರು ಅಕ್ಕೋರೇ. ಮೂಲೇಲಿ ನಿಂತ್ಕಂಡು 'ಪ್ರಾಣನಾಥಾ' ಅನ್ನೂಕೆ ನನ್ ಕೈಲಾಗೂದಿಲ್ಲ."

ತಂಡದ ಭಾಗವತಿಕೆ, ಅಂದರೆ ಹಾಡುಗಾರಿಕೆ, ಮಂಜಗುಣಿಯ ನಾಗವೇಣಿಯದು. ಗದ್ದೆ ಕೆಲಸ ಮುಗಿಸಿ ಬಂದು ಹಾಡುವವಳು. ಅವಳು ಜಾಗಟೆ ಒರೆಸುತ್ತ ಹೇಳಿದಳು: "ರಾಣಿಯಾದ್ರೆ ಕೂರೂಕೆ ಸಿಂಹಾಸನಾದ್ರೂ ಸಿಕ್ತದಲ್ಲೇ ಮಾರಾಯ್ತಿ."

"ಹಂಗಾರೆ ನೀನೇ ಕೂತ್ಕಾ. ನಾ ಹಾಡ್ತೆ."

"ಬೇಡ್ವೇ ಬೇಡ. ಜನ ಎದ್ದು ಹೋಗೂದು ನಂಗೆ ನೋಡೂಕಾಗೂದಿಲ್ಲ."

ಆಕಾಶದಲ್ಲಿ

ನಾನು ದಿನಚರಿ ಬರೆಯುವವಳು, ಆದರೆ ಬರೆದದ್ದನ್ನೆಲ್ಲ ನಂಬುವವಳಲ್ಲ. ಗೋವಾದಿಂದ ಹೊರಟ ವಿಮಾನದ ಬಗ್ಗೆ 'ಎಲ್ಲರೂ ಶಾಂತವಾಗಿ ನಿದ್ದೆ ಮಾಡಿದರು' ಎಂದು ಬರೆದಿದ್ದೇನೆ. ಹಾಗೆ ಬರೆಯಲು ಕಾರಣ, ನಿದ್ದೆ ಮಾಡಿದವಳು ನಾನು.

ಮಲಗುವ ಮೊದಲು, ಕಾಲು ಊದದಿರಲೆಂದು ಪಾದ ತಿರುಗಿಸುವ, ಹಿಮ್ಮಡಿ ಎತ್ತಿ ಇಳಿಸುವ ಅಭ್ಯಾಸಗಳನ್ನು ಹೇಳಿಕೊಟ್ಟಿದ್ದೆ. ಎಚ್ಚರವಾದಾಗ ಸುಮಿತ್ರಾ ಆಸನಗಳ ನಡುವಿನ ದಾರಿಯಲ್ಲಿ ನಿಂತಿದ್ದಳು. ಅವಳ ಹಿಂದೆ ನಮಗೆ ಪರಿಚಯವೇ ಇಲ್ಲದ ಪ್ರಯಾಣಿಕರ ಸಾಲು. ಎಲ್ಲರೂ ಅವಳನ್ನು ನೋಡಿಕೊಂಡು ಹಿಮ್ಮಡಿ ಎತ್ತುತ್ತಿದ್ದರು. ಟಿಶ್ಯೂ ಹಿಡಿದು ಬಂದ ಗಗನಸಖಿ ದಾರಿ ಸಿಗದೆ ಕೊನೆಯಲ್ಲಿ ತಾನೂ ನಿಂತಳು.

"ಎಲ್ಲರ ಕಾಲೂ ಊದೂದೇ ಅಲ್ದಾ ಅಕ್ಕೋರೇ?" ಎಂದಳು ಸುಮಿತ್ರಾ. "ಒಬ್ಳೇ ಮಾಡೂಕೆ ನಾಚ್ಕೆ ಆಯ್ತು, ಅದ್ಕೆ ಕರ್ದೆ."

ಅವಳು ಅವರನ್ನು ಯಾವ ಭಾಷೆಯಲ್ಲಿ ಕರೆದಳೆಂದು ನನಗೆ ಇಂದಿಗೂ ತಿಳಿದಿಲ್ಲ.

ಪೋರ್ತೊ: ಮಾತಿಲ್ಲದ ಬೆಳಿಗ್ಗೆ

ಶಾಲೆಯಲ್ಲಿ ನಮ್ಮನ್ನು ಎದುರುಗೊಂಡವರು ತೆರೇಜಾ. ಧ್ವನಿ ಮತ್ತು ಚಲನೆ ಕಲಿಸುವ, ಬಿಳಿಗೂದಲಿನ, ಕೋಲಿನಂತೆ ನೆಟ್ಟಗಿನ ಮಹಿಳೆ. ಎರಡೂ ಕೆನ್ನೆಗೆ ಮುತ್ತು ಕೊಡುವುದು ಅಲ್ಲಿಯ ನಮಸ್ಕಾರ. ನಮ್ಮವರಿಗೆ ಯಾವ ಕೆನ್ನೆ ಮೊದಲು ಎಂಬ ಅಂದಾಜಿಲ್ಲದೆ ಮೂಗುಗಳು ಡಿಕ್ಕಿ ಹೊಡೆದವು. ಆಮೇಲೆ ಅವರು ಶಾಲೆಯ ನಿಯಮ ತಿಳಿಸಿದರು: ಹಾಡುವವರು ಗಂಟಲಿನ ವಿಶ್ರಾಂತಿಗಾಗಿ ಮಧ್ಯಾಹ್ನದ ತನಕ ಮಾತಾಡುವುದಿಲ್ಲ.

ನಾನು ಅದನ್ನು ಕನ್ನಡಕ್ಕೆ ತಂದೆ. ನಾಗವೇಣಿ ಎರಡು ಸಲ ಕೇಳಿಸಿಕೊಂಡಳು.

"ಪಿಸುಗುಟ್ಟಬಹುದಾ?"

"ಪಿಸುಗುಟ್ಟುವುದು ಗಂಟಲಿಗೆ ಇನ್ನೂ ಕೆಟ್ಟದ್ದಂತೆ."

"ಇದೆಂತಾ ಊರೇ! ಮಾತಾಡ್ದೆ ಇದ್ರೆ ನನ್ ಗಂಟ್ಲಿಗೆ ತುಕ್ಕು ಹಿಡೀತದೆ."

ಮರುದಿನ ಬೆಳಿಗ್ಗೆ ಒಂದು ದೊಡ್ಡ ಹಾಲಿನಲ್ಲಿ ನಾವೂ ಅವರ ವಿದ್ಯಾರ್ಥಿಗಳೂ ಕೂತಿದ್ದೆವು. ಪಿನ್ನು ಬಿದ್ದರೆ ಕೇಳುವಷ್ಟು ಮೌನ. ಪ್ರತಿಯೊಬ್ಬರ ಮುಂದೆ ಅರ್ಧ ಲೋಟ ನೀರು, ಒಂದು ಸ್ಟ್ರಾ. ಸ್ಟ್ರಾವನ್ನು ನೀರಿಗೆ ಇಳಿಸಿ ಗುಳ್ಳೆ ಬರಿಸುತ್ತ 'ಊ' ಎಂದು ಸ್ವರ ಏರಿಸಿ ಇಳಿಸಬೇಕು. ಗಂಟಲನ್ನು ಹಿಂಸೆಯಿಲ್ಲದೆ ಬಿಸಿ ಮಾಡುವ ಉಪಾಯವಿದು. ನಮ್ಮ ಭ್ರಾಮರಿ ಪ್ರಾಣಾಯಾಮಕ್ಕೆ ದೂರದ ನೆಂಟನಂತಿತ್ತು. ನಾಗವೇಣಿ ಗಂಭೀರವಾಗಿ ಶುರು ಮಾಡಿದಳು. ಎರಡು ಉಸಿರಿನ ನಂತರ ಅವಳ ಗುಳ್ಳೆಗಳಿಗೆ ತಾಳ ಬಂತು. ಪಕ್ಕದ ಹುಡುಗಿ ತಾನೂ ಅದೇ ತಾಳಕ್ಕೆ ಗುಳ್ಳೆ ಬಿಟ್ಟಳು. ಸ್ವಲ್ಪ ಹೊತ್ತಿಗೆ ಇಡೀ ಹಾಲು ಗಂಜಿ ಕುದಿದಂತೆ ಸದ್ದು ಮಾಡುತ್ತಿತ್ತು. ತೆರೇಜಾ ನಗು ತಡೆಯಲು ಕಿಟಕಿಯ ಕಡೆ ತಿರುಗಿ ನಿಂತರು.

ಮಧ್ಯಾಹ್ನ ಬಾಯಿ ಬಿಟ್ಟಾಗ ಎಲ್ಲರಿಗೂ ಒಟ್ಟಿಗೆ ಹೇಳುವುದಿತ್ತು. ಸುಮಿತ್ರಾಳಿಗೆ ಮನೆಮಾತು ಕೊಂಕಣಿ. ಕಿಟಕಿಗೆ, ಮೇಜಿಗೆ, ಬೀಗದ ಕೈಗೆ, ಬ್ರೆಡ್ಡಿಗೆ ಅಲ್ಲಿಯವರು ಅನ್ನುವ ಮಾತು ತನ್ನ ಅಜ್ಜಿಯದೇ ಎಂದು ಅವಳು ತಿಂಡಿ ಬಡಿಸಿದವರ ಬಾಯಲ್ಲಿ ಬೆಳಿಗ್ಗೆಯೇ ಕಂಡುಹಿಡಿದು ಹೊಟ್ಟೆಯಲ್ಲಿ ಇಟ್ಟುಕೊಂಡಿದ್ದಳು. "ನಮ್ ಜನೆಲ್, ನಮ್ ಚಾವಿ, ನಮ್ ಪಾಂವ್! ಇವ್ರಿಗೆ ನಮ್ ಕೊಂಕಣಿ ಬತ್ತದೆ, ಸ್ವಲ್ಪ ತಪ್ಪಾಗಿ."

ಆ ಸಂಜೆ ನನ್ನ ಯೋಗ ತರಗತಿ. ಅಲ್ಲಿಯ ವಿದ್ಯಾರ್ಥಿಗಳಿಗೆ ಆಸನಗಳ ಸಂಸ್ಕೃತ ಹೆಸರು ನನಗಿಂತ ಚೆನ್ನಾಗಿ ಗೊತ್ತಿತ್ತು. ಹನುಮಾನಾಸನದಲ್ಲಿ ಕಾಲು ಚಾಚಿ ಹೂವಿನಂತೆ ನೆಲಕ್ಕಿಳಿಯುವ ಅವರಿಗೆ, ಚಕ್ಕಳಮಕ್ಕಳ ಹಾಕಿ ಸುಮ್ಮನೆ ಕೂರುವುದು ಮಾತ್ರ ಕಷ್ಟ. ನಾನು ಅವರಿಗೆ ಕೊನೆಗೆ ಕಲಿಸಿದ್ದು ಅದನ್ನೇ. ಪ್ರತಿಯಾಗಿ ಅವರು ಮಾಂಸಖಂಡ ಸಡಿಲಿಸುವ ರಬ್ಬರಿನ ಉರುಳೆ ತಂದು, ಅದರ ಮೇಲೆ ತೊಡೆ ಉರುಳಿಸುವುದನ್ನು ತೋರಿಸಿದರು.

"ಲಟ್ಟಣಿಗೆ!" ಎಂದಳು ನಾಗವೇಣಿ. "ನಮ್ಮನ್ನ ಚಪಾತಿ ಮಾಡೂಕೆ ಕರ್ಸಿದ್ದಾ ಇವ್ರು?"

ಪೋರ್ತೊ: ವೇಷ ಕಟ್ಟಿದ ದಿನ

ಆಟದ ಹಿಂದಿನ ದಿನ ವೇಷದ ಪೆಟ್ಟಿಗೆ ತೆರೆದರು. ವೇಷಕ್ಕೆ ನಮ್ಮಲ್ಲಿ ಒಂದು ಮರ್ಯಾದೆಯಿದೆ. ಚೌಕಿಯಲ್ಲಿ, ಅಂದರೆ ಬಣ್ಣ ಹಚ್ಚುವ ಕೋಣೆಯಲ್ಲಿ, ಗಣಪತಿಗೆ ದೀಪ ಹಚ್ಚಿದ ಮೇಲಷ್ಟೆ ಅದನ್ನು ಮೈಗೇರಿಸುವುದು. ಅಭ್ಯಾಸಕ್ಕೆಂದು ಯಾರೂ ತೊಡುವುದಿಲ್ಲ. ಹಾಗಾಗಿ ನಾನು ಅಷ್ಟು ಕಾಲ ಉಸಿರಾಟ ಕಲಿಸಿದ್ದು ಚೂಡಿದಾರದ ಸುಮಿತ್ರಾಳಿಗೆ, ರಾಜಕುಮಾರನಿಗಲ್ಲ.

ದೀಪ ಹಚ್ಚಿದರು. ತೆರೇಜಾ ಮತ್ತು ಅವರ ವಿದ್ಯಾರ್ಥಿಗಳು ಬಾಗಿಲಲ್ಲಿ ಕೈಜೋಡಿಸಿ ನಿಂತು ನೋಡಿದರು. ಸುಮಿತ್ರಾ ಉಸಿರು ಬಿಟ್ಟು ಹೊಟ್ಟೆ ಒಳಕ್ಕೆಳೆದಳು. ಇಬ್ಬರು ಸೇರಿ ಅವಳ ನಡುವಿಗೆ ಬಟ್ಟೆ ಸುತ್ತಿ, ಒಬ್ಬಳು ಅವಳ ಸೊಂಟಕ್ಕೆ ಕಾಲು ಕೊಟ್ಟು ಹಗ್ಗ ಜಗ್ಗಿದಳು. ದೋಣಿಗೆ ಸರಂಜಾಮು ಕಟ್ಟಿದ ಹಾಗೆ ಕಟ್ಟಿ ಮುಗಿಸಿದರು.

"ಈಗ ಹೊಟ್ಟೆಗೆ ಉಸಿರು ತಗೋ" ಎಂದೆ.

"ಎಲ್ಲಿಗೆ ತಗೊಳ್ಳೂದು ಅಕ್ಕೋರೇ? ಹೊಟ್ಟೇಲಿ ಜಾಗ ಎಲ್ಲಿದೆ?"

"ಹಾಗಾದರೆ ಇಷ್ಟು ದಿನ ನಾನು ಹೇಳಿಕೊಟ್ಟದ್ದು?"

"ಮನೇಲಿ ಮಾಡ್ತೆ. ಚಲೋ ನಿದ್ದೆ ಬತ್ತದೆ."

ಬಾಗಿಲಲ್ಲಿದ್ದ ತೆರೇಜಾ ಒಮ್ಮೆಲೇ ಖುಷಿಯಾಗಿ ಒಳಗೆ ಬಂದರು. ಅವರ ಹಳೆಯ ಕಾಲದ ನಾಟಕಗಳಲ್ಲಿ ಹುಡುಗಿಯರು ಎಲುಬು ಬಿಗಿಯುವ ರವಿಕೆ ತೊಟ್ಟೇ ಹಾಡಿ ಕುಣಿಯಬೇಕು. ಅದಕ್ಕೆ ಅವರು ಮೊದಲ ದಿನದಿಂದ ಅದನ್ನು ತೊಟ್ಟೇ ಅಭ್ಯಾಸ ಮಾಡುತ್ತಾರಂತೆ. ಅವರು ಸುಮಿತ್ರಾಳ ಹಿಂದೆ ನಿಂತು ಅವಳ ಬೆನ್ನಿನ ಪಕ್ಕೆಲುಬುಗಳ ಮೇಲೆ ಅಂಗೈ ಇಟ್ಟು, "ನನ್ನ ಕೈಯನ್ನು ಉಸಿರಿನಿಂದ ದೂಡು" ಎಂದರು. ನಾನು ಕನ್ನಡದಲ್ಲಿ ಹೇಳುವ ಮೊದಲೇ ಅವಳು ದೂಡಿದಳು. ಕಟ್ಟಿನ ಹಿಂಭಾಗ ಅಗಲವಾಗಿ ಉಬ್ಬಿತು.

"ಬೆನ್ನಲ್ಲೂ ಉಸ್ರು ಅದೆ ಅಕ್ಕೋರೇ!"

ನಾವು ಮೂವರೂ ಸರದಿಯಲ್ಲಿ ಒಬ್ಬರ ಬೆನ್ನು ಇನ್ನೊಬ್ಬರು ಹಿಡಿದುಕೊಂಡು ಆ ಮಧ್ಯಾಹ್ನ ಕಳೆದೆವು. ಹೋಗುವಾಗ ತೆರೇಜಾ ಪದ್ಧತಿಯಂತೆ ರಾಜಕುಮಾರನ ಕೆನ್ನೆಗೆ ಮುತ್ತು ಕೊಟ್ಟು, ಅವನ ಬಣ್ಣ ಮೆತ್ತಿ ಅರ್ಧ ಮುಖ ಕೆಂಪು ಮಾಡಿಕೊಂಡು ಟ್ರಾಮು ಹತ್ತಿದರು.

ಉಸಿರು ಸರಿಹೋಯಿತು, ಮೊಣಕಾಲು ಉಳಿದಿತ್ತು. ಶಾಲೆಯ ನರ್ತಕರು ಕಟ್ಟುವ ತೆಳ್ಳನೆಯ ಮೆತ್ತೆಯೊಂದನ್ನು ಸುಮಿತ್ರಾ ಒಳಗಿನಿಂದ ಕಟ್ಟಿಕೊಳ್ಳಲು ಒಪ್ಪಿದಳು. ಮಂಡಿ ಬಿಡಲು ಒಪ್ಪಲಿಲ್ಲ. ಖಡಾಖಂಡಿತವಾಗಿ ಬೇಡ ಎನ್ನುವ ಅಧಿಕಾರ ನನಗಿತ್ತೇ? ಇತ್ತು ಎಂದು ತಂಡದವರೆಲ್ಲ ತಿಳಿದಿದ್ದರು. ನನಗೆ ಮಾತ್ರ ಅನುಮಾನವಿತ್ತು. ಅವಳು ಅತ್ಯಂತ ಸಂತೋಷವಾಗಿರುವ ಜಾಗದಿಂದ ಅವಳನ್ನು ಎಬ್ಬಿಸುವವಳು ನಾನಾಗಬೇಕೇ? ಕೊನೆಗೆ ಒಂದು ಒಪ್ಪಂದ ಮಾಡಿಕೊಂಡೆವು.

ನಮ್ಮ ಕಡೆ ಮಂಡಿ ನಾಲ್ಕಾರು ಸುತ್ತು ಬಂದ ಮೇಲೆ ಜನ ಚಪ್ಪಾಳೆ, ಶಿಳ್ಳೆ ಶುರು ಮಾಡುತ್ತಾರೆ. ಅದು ಕೇಳಿಸುವ ತನಕ ಕುಣಿಯುವವರು ಏಳುವುದಿಲ್ಲ. ಕುಣಿಯುವವರು ಏಳುವ ತನಕ ಭಾಗವತರು ಪದ್ಯ ಮುಂದೆ ಸಾಗಿಸುವುದಿಲ್ಲ. ಸುಮಿತ್ರಾ ಚಪ್ಪಾಳೆ ಸಿಕ್ಕಿದ ಮೇಲೂ ಆಸೆಗೆ ಇನ್ನಷ್ಟು ಸುತ್ತುವವಳು.

"ಮೊದಲ ಚಪ್ಪಾಳೆಗೇ ಎದ್ದುಬಿಡಬೇಕು" ಎಂದೆ.

"ಆಯ್ತು. ದೇವ್ರಾಣೆ."

ಪೋರ್ತೊ: ಆಟ

ಮಧ್ಯಾಹ್ನದ ಆಟ, ತುಂಬಿದ ಸಭಾಂಗಣ. ತೆರೇಜಾ ಪರದೆಯ ಮುಂದೆ ನಿಂತು ಅವರ ಭಾಷೆಯಲ್ಲಿ ಏನೋ ಹೇಳಿದರು. ನಾನು ಸ್ವಾಗತ ಭಾಷಣವೆಂದುಕೊಂಡು ನಗುಮುಖದಿಂದ ಕೇಳಿದೆ. ಅವರು ಹೇಳಿದ್ದು ಏನೆಂದು ಆಮೇಲೆ ಗೊತ್ತಾಯಿತು. ನಮ್ಮ ದೀಪವನ್ನೂ ಗಣಪತಿಯನ್ನೂ ನೋಡಿದ ಅವರು, ಇದು ಪೂಜೆಯಂಥ ನಾಟಕ, ದಯವಿಟ್ಟು ನಡುವೆ ಚಪ್ಪಾಳೆ ತಟ್ಟಿ ಅವಮಾನ ಮಾಡಬೇಡಿ, ಮುಗಿಯುವ ತನಕ ಭಕ್ತಿಯಿಂದ ಮೌನವಾಗಿರಿ ಎಂದು ಕೇಳಿಕೊಂಡಿದ್ದರು.

ರಾಜಕುಮಾರ ರಂಗಕ್ಕೆ ಬಂದ. ಸುಮಿತ್ರಾ ಬೆನ್ನಿನಿಂದ ಉಸಿರಾಡುತ್ತಿದ್ದುದು ಪಕ್ಕದ ಪರದೆಯ ಮರೆಯಲ್ಲಿ ನಿಂತ ನನಗೆ ಕಾಣುತ್ತಿತ್ತು, ಹೆಮ್ಮೆಯಾಯಿತು. ಯುದ್ಧಕ್ಕೆ ಹೊರಡುವ ಪದ್ಯ ಬಂತು. ಅವಳು ಹಾರಿ ಮಂಡಿಗೆ ಬಿದ್ದು ಸುತ್ತತೊಡಗಿದಳು.

ಸದ್ದಿಲ್ಲ.

ಇನ್ನಷ್ಟು ಸುತ್ತಿದಳು. ಜನ ಕಣ್ಣರಳಿಸಿ, ಉಸಿರು ಬಿಗಿಹಿಡಿದು ಅಲ್ಲಾಡದೆ ಕೂತಿದ್ದರು. ಮುಂದಿನ ಸಾಲಿನ ಒಬ್ಬ ಅಜ್ಜ ಟೊಪ್ಪಿ ತೆಗೆದು ಎದೆಗೆ ಹಿಡಿದುಕೊಂಡ. ನಾಗವೇಣಿ ಅದೇ ಸಾಲನ್ನು ಮತ್ತೆ ಎತ್ತಿದಳು, ಮತ್ತೆ ಎತ್ತಿದಳು. ಅವಳು ಸುಮಿತ್ರಾ ಏಳಲೆಂದು ಕಾಯುತ್ತಿದ್ದಳು. ಸುಮಿತ್ರಾ ಚಪ್ಪಾಳೆಗೆ ಕಾಯುತ್ತಿದ್ದಳು. ಜನ ಕಾಯುತ್ತಿದ್ದುದು ಪೂಜೆ ಮುಗಿಯಲೆಂದು. ಪ್ರತಿ ಸುತ್ತಿಗೂ ರಾಜಕುಮಾರನ ಮುಖ ನನ್ನ ಕಡೆ ಬಂದು ಹೋಗುತ್ತಿತ್ತು. ಅದರಲ್ಲಿ 'ಎಂತ ಮಾಡ್ಲಿ?' ಎಂಬ ಪ್ರಶ್ನೆ ಸ್ಪಷ್ಟವಾಗಿತ್ತು. ಆಣೆ ಹಾಕಿಸಿಕೊಂಡವಳು ನಾನೇ.

ಮುಂದಿನದು ನನಗೆ ನೆನಪಿರುವ ಪ್ರಕಾರ ಹೀಗೆ: ನಾನು ಪರದೆಯ ಮರೆಯಿಂದ ಹೊರಗೆ ಬಂದು ಅಷ್ಟೂ ಮೌನದ ನಡುವೆ ಒಬ್ಬಳೇ ಜೋರಾಗಿ ಚಪ್ಪಾಳೆ ತಟ್ಟಿದೆ. ಇಡೀ ಸಭೆ ನನ್ನತ್ತ ನೋಡಿತು. ಸುಮಿತ್ರಾ ಎದ್ದಳು.

ನಾಗವೇಣಿ ಇದನ್ನು ಒಪ್ಪುವುದಿಲ್ಲ. ತಾನೇ ಪದ್ಯ ಕತ್ತರಿಸಿ ಮುಗಿಸಿದ್ದು, ನನ್ನ ಚಪ್ಪಾಳೆ ಬಂದದ್ದು ಆಮೇಲೆ ಎನ್ನುತ್ತಾಳೆ. ಚಂಡೆಯವಳು ಕೋಲು ತನ್ನ ಕೈಜಾರಿತು, ಹಾಗಾಗಿ ನಿಂತಿತು ಎನ್ನುತ್ತಾಳೆ. ಸುಮಿತ್ರಾಳಿಗೆ ಏನೂ ಕೇಳಿಸಿಲ್ಲವಂತೆ, ತಲೆ ಸುತ್ತಿ ಎದ್ದಳಂತೆ. ಎಷ್ಟು ಸುತ್ತು ಬಂದಳೆಂಬುದಕ್ಕೆ ಒಬ್ಬೊಬ್ಬರದು ಒಂದು ಲೆಕ್ಕ, ಹೇಳಿದಷ್ಟು ಸಲ ಬೆಳೆಯುವಂಥದ್ದು. ನಾನು ಯಾವುದನ್ನೂ ಬರೆದುಕೊಂಡಿಲ್ಲ.

ಆಟ ಮುಗಿದಾಗ ಜನ ಎದ್ದು ನಿಂತು ತಟ್ಟಿದರು, ನಿಲ್ಲಿಸಲೇ ಇಲ್ಲ. ಟೊಪ್ಪಿಯ ಅಜ್ಜ ಅಳುತ್ತಿದ್ದ. ಸುಮಿತ್ರಾ ಕೈಮುಗಿದು ಬಾಗುತ್ತ, ಹಲ್ಲುಗಳ ನಡುವಿನಿಂದ ನನಗೆ ಹೇಳಿದಳು: "ಈಗ ಹೊಡೀತ್ರು ನೋಡಿ, ಕಾಲು ಹೋದ್ಮೇಲೆ."

ಮಾತೊಸಿನ್ಯೋಸ್

ಮರುದಿನ ಬೆಳಿಗ್ಗೆ ಮೊಣಕಾಲು ಸಣ್ಣ ಕುಂಬಳಕಾಯಿಯಷ್ಟಾಗಿತ್ತು. ಶಾಲೆಯ ಫಿಸಿಯೋಥೆರಪಿಸ್ಟ್ ಒತ್ತಿ, ಬಾಗಿಸಿ ನೋಡಿ, ಒಳಗೆ ಏನೂ ಹರಿದಂತಿಲ್ಲ, ಐಸ್ ಇಡಿ, ಎತ್ತರಕ್ಕಿಡಿ ಎಂದರು. ತೆರೇಜಾರ ಮುಖ ನೋಡಲಾಗುತ್ತಿರಲಿಲ್ಲ. ಪಾಪ, ಅವರು ಮರ್ಯಾದೆ ಮಾಡಲು ಹೋಗಿದ್ದರು. ಸುಮಿತ್ರಾ ಅವರ ಕೈ ಹಿಡಿದು, "ಮೀನ್ ಪೇಟೆ ಎಲ್ಲಿ ಅಂತ ಕೇಳಿ" ಎಂದಳು ನನಗೆ. "ಐಸು ಬೇಕಂದ್ರೆ ಮೆಡಿಕಲ್ ಶಾಪಿಗೆ ಯಾರಾದ್ರೂ ಹೋಗ್ತ್ರಾ?"

ಹಾಗಾಗಿ ತೆರೇಜಾ ನಮ್ಮನ್ನು ಪಕ್ಕದ ಬಂದರು ಊರಾದ ಮಾತೊಸಿನ್ಯೋಸಿನ ಮೀನು ಮಾರುಕಟ್ಟೆಗೆ ಕಾರಿನಲ್ಲಿ ಕರೆದೊಯ್ದರು. ಒಳಗೆ ಕಾಲಿಟ್ಟ ಕೂಡಲೇ ಸುಮಿತ್ರಾಳ ಕುಂಟು ಅರ್ಧ ಕಡಿಮೆಯಾಯಿತು. ಅಂಕೋಲೆಯ ಗಲಾಟೆ ಇರಲಿಲ್ಲ, ನೊಣ ಇರಲಿಲ್ಲ, ಆದರೆ ಏಪ್ರನ್ ಕಟ್ಟಿದ ಹೆಂಗಸರು ಗಿರಾಕಿಯನ್ನು ತಲೆಯಿಂದ ಕಾಲಿನವರೆಗೆ ಅಳೆಯುವ ನೋಟ ನಮ್ಮದೇ. ಒಬ್ಬ ದಪ್ಪ ಹೆಂಗಸಿನ ಮುಂದೆ ತಾರ್ಲೆ ಮೀನಿನ ರಾಶಿ. ಸುಮಿತ್ರಾ ಒಂದನ್ನೆತ್ತಿ ಕಿವಿರು ಬಿಡಿಸಿ ನೋಡಿ, ತಲೆಯಾಡಿಸಿದಳು.

"ಇದು ನಿನ್ನೇದು."

ಅದನ್ನು ಯಾರೂ ಅನುವಾದಿಸಬೇಕಾಗಲಿಲ್ಲ. ಆ ಹೆಂಗಸು ಸೊಂಟಕ್ಕೆ ಕೈಯಿಟ್ಟು ಒಂದು ದೀರ್ಘ ಉತ್ತರ ಕೊಟ್ಟಳು. ತೆರೇಜಾ ಅದನ್ನು ನನಗೆ ಇಂಗ್ಲಿಷಿನಲ್ಲಿ ಹೇಳಲು ನಿರಾಕರಿಸಿದರು. ಸುಮಿತ್ರಾ ಕೊಂಕಣಿಯಲ್ಲಿ ತಿರುಗಿ ಕೊಟ್ಟಳು. ಇಬ್ಬರೂ ಸುಸ್ತಾದ ಮೇಲೆ ಆಕೆ ಕೆಳಗಿನ ಪೆಟ್ಟಿಗೆಯಿಂದ ಬೇರೆ ತಾರ್ಲೆ ತೆಗೆದಳು. ಸುಮಿತ್ರಾ ನೋಡಿ, "ಹಾಂ, ಇದು" ಎಂದಳು. ಇಬ್ಬರೂ ನಕ್ಕರು. ಆಗ ಆಕೆಯ ಕಣ್ಣು ಮೊಣಕಾಲಿಗೆ ಬಿತ್ತು. ಏನೂ ಕೇಳದೆ ಚೀಲ ತುಂಬ ಐಸ್ ಸುರಿದು, ಸ್ಟೂಲು ಎಳೆದು ಕೂರಿಸಿ, ತನ್ನ ಸ್ಕರ್ಟು ಎತ್ತಿ ತನ್ನ ಮೊಣಕಾಲನ್ನೂ ತೋರಿಸಿದಳು. ಅದರ ಮೇಲೆ ಶಸ್ತ್ರಚಿಕಿತ್ಸೆಯ ಉದ್ದ ಗೆರೆಯಿತ್ತು. ಆಕೆ ಕೈಯಿಂದ ಕುಣಿಯುವ ಅಭಿನಯ ಮಾಡಿ, ಆಮೇಲೆ ಬೆರಳಾಡಿಸಿ 'ಇನ್ನಿಲ್ಲ' ಎಂದಳು.

ವಾಪಸಾಗುವಾಗ ಕಾರಿನಲ್ಲಿ ಸುಮಿತ್ರಾ ಐಸಿನ ಚೀಲವನ್ನು ಮೊಣಕಾಲಿನ ಮೇಲೆ ಸರಿಯಾಗಿ ಇಟ್ಟುಕೊಂಡಳು. ಆಮೇಲೆ, "ಅವ್ಳೂ ಕುಣೀತಿದ್ಲಂತೆ" ಎಂದಳು. ಆ ಕೈಸನ್ನೆಗೆ ಅದೇ ಅರ್ಥವೋ, ಇವಳೇ ಊಹಿಸಿದಳೋ, ನಾನು ತೆರೇಜಾರನ್ನು ಕೇಳಲಿಲ್ಲ.

ಕಾರವಾರ

ಕಾರವಾರದ ಡಾಕ್ಟರು, "ಅದೃಷ್ಟ" ಎಂದರು. ಇನ್ನೊಮ್ಮೆ ಅಷ್ಟು ಹೊತ್ತು ತಿರುಗಿದರೆ ತಾನು ಏನೂ ಹೇಳಲಾರೆ ಎಂದೂ ಅಂದರು. ಸುಮಿತ್ರಾ ವಿಶ್ರಾಂತಿ ತೆಗೆದುಕೊಂಡಳು. ಅಂದರೆ ಮೀನು ಮಾರುಕಟ್ಟೆಯಲ್ಲಿ ಕೂತು ಪೋರ್ತೊದ ಕಥೆ ಹೇಳಿದಳು. "ಒಬ್ರೂ ಹೊಡೀಲಿಲ್ಲ ಕಾಣೇ! ನಾ ತಿರ್ಗಿದ್ದೇ ತಿರ್ಗಿದ್ದು!" ಎಂದು ಕೈ ತಿರುಗಿಸಿ ಹೇಳುವಾಗ ಗಿರಾಕಿಗಳೂ ನಿಂತು ಕೇಳುತ್ತಿದ್ದರಂತೆ.

ಸೇತುಬಂಧ, ಗೋಡೆಗೆ ಕಾಲೆತ್ತಿ ಮಲಗುವುದು, ಬೆನ್ನಿನ ಉಸಿರು, ಎಲ್ಲ ಮತ್ತೆ ನಿಧಾನವಾಗಿ ಶುರುವಾದವು. ಈಗ ನಡುವಿಗೆ ಸೀರೆ ಬಿಗಿದು ಕಟ್ಟಿಕೊಂಡೇ ಅಭ್ಯಾಸ. ಅಷ್ಟರಲ್ಲಿ ಕಾರವಾರದ ಕಡಲತೀರದಲ್ಲಿ ತಂಡಕ್ಕೆ ಒಂದು ಸಂಜೆಯ ಆಟ ನಿಗದಿಯಾಯಿತು.

"ಮಂಡಿ?" ಎಂದೆ.

"ನೋಡ್ವಾ."

"ನೋಡೋಣ ಎಂದರೆ ಹಾಕುತ್ತೇನೆ ಎಂದರ್ಥವೋ, ಇಲ್ಲವೆಂದೋ?"

"ನೋಡ್ವಾ ಅಂದ್ರೆ ನೋಡ್ವಾ ಅಂತ ಅಕ್ಕೋರೇ. ಅಲ್ಲಿ ಚಂಡೆ ಬಿದ್ಮೇಲೆ ನನ್ನ ಕಾಲು ನನ್ ಮಾತು ಕೇಳೂದಿಲ್ಲ, ನಿಮ್ದು ಕೇಳ್ತದಾ?"

ಈ ಸಲ ಬೇಡವೆಂದು ಹೇಳಿಯೇಬಿಡಬೇಕೆಂದು ಚೌಕಿಗೆ ಹೋದೆ. ಅವಳು ಕನ್ನಡಿಯಲ್ಲಿ ತನ್ನ ಅರ್ಧ ಬರೆದ ಮೀಸೆಯನ್ನು ನೋಡಿಕೊಳ್ಳುತ್ತಿದ್ದಳು. ನಾನು ಮೆತ್ತೆಯ ಪಟ್ಟಿ ಸರಿಯಾಗಿ ಕಟ್ಟಿದ್ದೀಯಾ ಎಂದಷ್ಟೆ ಕೇಳಿ ಹೊರಗೆ ಬಂದೆ.

ಮರಳಿನ ಮೇಲೆ ಹಾಸಿದ ಜಮಖಾನೆಯ ಮುಂದಿನ ಭಾಗ ಪೂರ್ತಿ ಅಂಕೋಲೆಯ ಮೀನು ಮಾರುಕಟ್ಟೆಯದು. ಟೆಂಪೋ ಮಾಡಿಕೊಂಡು ಬಂದಿದ್ದರು. ನಡುವೆ ಮಾದೇವಿ, ಮಾರುಕಟ್ಟೆಯಲ್ಲಿ ಸುಮಿತ್ರಾಳ ಪಕ್ಕದಲ್ಲಿ ಬುಟ್ಟಿ ಇಟ್ಟುಕೊಂಡು ಕೂರುವವಳು. ಹಿಂದೆ ನನ್ನ ಕೈಗಾ ಬಸ್ಸಿನ ಶಿಷ್ಯರು ಕೂತಿದ್ದರು, ಬೆನ್ನು ನೆಟ್ಟಗೆ ಮಾಡಿಕೊಂಡು. ಸೂರ್ಯ ಇನ್ನೂ ಮುಳುಗಿರಲಿಲ್ಲ.

ಯುದ್ಧದ ಪದ್ಯ ಬಂತು. ಚಂಡೆ ಬಿತ್ತು. ರಾಜಕುಮಾರ ನನ್ನ ಕಡೆ ಒಮ್ಮೆ ನೋಡಿ, ಹಾರಿ, ಮಂಡಿಗೆ ಬಿದ್ದ.

ಮೊಣಕಾಲು ರಂಗದ ಹಲಗೆಗೆ ತಾಗಿತೋ ಇಲ್ಲವೋ, ಜಮಖಾನೆಯ ಮುಂದಿನ ಭಾಗ ಸಿಡಿಯಿತು. ಮಾದೇವಿ ಎದ್ದು ನಿಂತು ತಲೆಯ ಮೇಲೆ ಕೈಯೆತ್ತಿ ತಟ್ಟುತ್ತಿದ್ದಳು. ಅವಳ ಸುತ್ತ ಎಲ್ಲರೂ ಎದ್ದರು, ಕೂಗಿದರು, ಮೀನು ಕೂಗುವ ಅದೇ ಗಂಟಲಿನಲ್ಲಿ. ಹಿಂದಿನವರಿಗೆ ಏನಾಯಿತೆಂದು ತಿಳಿಯದೆ ಅವರೂ ತಟ್ಟಿದರು. ಸುಮಿತ್ರಾ ಒಂದು ಸುತ್ತು ಮುಗಿಸಿ ಎರಡನೆಯದಕ್ಕೆ ಭುಜ ತಿರುಗಿಸಿದ್ದಳು. ಚಪ್ಪಾಳೆ ನಿಲ್ಲಲಿಲ್ಲ, ಇನ್ನೂ ಜೋರಾಯಿತು. ನಾಗವೇಣಿ ನಗು ತಡೆದುಕೊಂಡು ಪದ್ಯವನ್ನು ಮುಂದಿನ ಸಾಲಿಗೆ ಸಾಗಿಸಿದಳು. ರಾಜಕುಮಾರನಿಗೆ ಏಳದೆ ಬೇರೆ ದಾರಿಯಿರಲಿಲ್ಲ.

ಆಟ ಮುಗಿದ ಮೇಲೆ ಚೌಕಿಯಲ್ಲಿ ಅವಳು ವೇಷ ಬಿಚ್ಚುತ್ತ ಕೆಂಡವಾಗಿದ್ದಳು.

"ಬಿದ್ ಕೂಡ್ಲೆ ಹೊಡೀತ್ರಾ ಯಾರಾದ್ರೂ? ಇನ್ನೂ ಶುರೂ ಆಗಿರ್ಲಿಲ್ಲ! ಎಲ್ಲ ಸೇರ್ಕಂಡು ನನ್ ಮಂಡಿ ತಿಂದ್ರಿ!"

"ಹೊಡೀದಿದ್ರೂ ಬೈತೀ, ಹೊಡದ್ರೂ ಬೈತೀ" ಎಂದಳು ಬಾಗಿಲಲ್ಲಿ ನಿಂತ ಮಾದೇವಿ. "ನಿನ್ ಕಾಲು ಹೋದ್ರೆ ದಿನಾ ಬೆಳಗಾದ್ರೆ ನಿನ್ ಬುಟ್ಟಿ ಎತ್ತೂಕೆ ನಂಗೆಂತಾ ಹುಚ್ಚಾ? ಮುಂದಿನ ಆಟಕ್ಕೂ ಬತ್ತ್ರು ಎಲ್ಲ. ಅಲ್ಲೂ ಹೊಡೀತ್ರು."

"ಯಾರು ಹೇಳ್ಕೊಟ್ರು ನಿಮ್ಗೆ?" ಎಂದು ಸುಮಿತ್ರಾ ನನ್ನನ್ನು ನೋಡಿದಳು. ನಾನು ಅಲ್ಲವೆಂದು ತಲೆಯಾಡಿಸಿದೆ.

"ನೀನೇ ಹೇಳ್ದೆ, ದಿನಾ ಕೂತ್ಕಂಡು. ಹೊಡೀದಿದ್ರೆ ಏಳೂಕಾಗೂದಿಲ್ಲ ಅಂತ. ಏಳೇ ಮಾರಾಯ್ತಿ, ಟೆಂಪೋ ಕಾಯ್ತದೆ."

ಸುಮಿತ್ರಾ ಸಿಟ್ಟಿನಿಂದಲೇ ಮೀಸೆ ಒರೆಸಿಕೊಂಡಳು, ಆಮೇಲೆ ನಕ್ಕುಬಿಟ್ಟಳು. ಏಳುವಾಗ ಮೊದಲು ಯಾವ ಕಾಲಿಗೆ ಭಾರ ಕೊಡುತ್ತಾಳೆಂದು ನಾನು ಕಣ್ಣು ಮಿಟುಕಿಸದೆ ನೋಡಿದೆ.

ಎಡಗಾಲು, ಪೋರ್ತೊಗೆ ಹೋಗಿ ಬಂದದ್ದೇ.